ಹಾಲು ಒಗ್ಗುವುದಿಲ್ಲವೇ? ಕಿಣ್ವದ ಕೊರತೆ ಇರಬಹುದು

ಒಂದು ತುತ್ತು ಅನ್ನವನ್ನು ನುಂಗದೆ ಎರಡು ನಿಮಿಷ ಅಗಿದು ನೋಡಿ. ಸಪ್ಪೆಯಾಗಿದ್ದ ಅನ್ನ ನಿಧಾನವಾಗಿ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಅನ್ನದ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವುದೇ ಇದಕ್ಕೆ ಕಾರಣ.

ಕಿಣ್ವಗಳಲ್ಲಿ ಬಹುಪಾಲು ಪ್ರೋಟೀನುಗಳು. ದೇಹದಲ್ಲಿ ತೀರಾ ನಿಧಾನವಾಗಿ ನಡೆಯಬೇಕಾದ ರಾಸಾಯನಿಕ ಕ್ರಿಯೆಗಳನ್ನು ಇವು ಕ್ಷಣಮಾತ್ರದಲ್ಲಿ ಮುಗಿಸುತ್ತವೆ; ಆದರೂ ತಾವು ಖರ್ಚಾಗುವುದಿಲ್ಲ. ಒಂದು ಬೀಗಕ್ಕೆ ಒಂದೇ ಕೀಲಿಕೈ ಇರುವಂತೆ, ಒಂದೊಂದು ಕಿಣ್ವಕ್ಕೂ ಅದರದೇ ಆದ ಕೆಲಸ. ಈ ಹೋಲಿಕೆಯನ್ನು 1894ರಲ್ಲಿ ಕೊಟ್ಟವರು ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಷರ್. ಕೀಲಿಕೈ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಾಲೇ ಒಳ್ಳೆಯ ಉದಾಹರಣೆ.

200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 10 ಗ್ರಾಂ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಇದನ್ನು ಕರುಳು ಇಡಿಯಾಗಿ ಹೀರಿಕೊಳ್ಳಲಾರದು. ಸಣ್ಣ ಕರುಳಿನ ಒಳಪದರದಲ್ಲಿರುವ ಲ್ಯಾಕ್ಟೇಸ್ ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂದು ಎರಡಾಗಿ ಒಡೆಯಬೇಕು. ಎಳೆಯ ಮಕ್ಕಳಲ್ಲಿ ಈ ಕಿಣ್ವ ಧಾರಾಳ. ಬೆಳೆದಂತೆ ಹಲವರಲ್ಲಿ ಕಡಿಮೆಯಾಗುತ್ತದೆ. ಜಗತ್ತಿನ ವಯಸ್ಕರಲ್ಲಿ ಹೆಚ್ಚಿನವರ ಸ್ಥಿತಿ ಇದೇ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೆಚ್ಚು. ಆದ್ದರಿಂದ ಇದು ರೋಗವಲ್ಲ.

ಒಡೆಯದೆ ಉಳಿದ ಲ್ಯಾಕ್ಟೋಸ್ ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಹೊಟ್ಟೆಯುಬ್ಬರ, ಗುಡುಗುಡು ಸದ್ದು, ನುಲಿತ, ಭೇದಿ ಶುರುವಾಗುತ್ತವೆ. ಇದನ್ನು ಆಮಶಂಕೆಯೆಂದು ತಿಳಿದು ಅಂಗಡಿಯಿಂದ ಪದೇಪದೇ ಮಾತ್ರೆ ತಂದು ನುಂಗುವವರಿದ್ದಾರೆ. ಹಾಲು ಬೇಡವೆನ್ನುವ ಅಜ್ಜಿಯದು ನೆಪವೆಂದು ಮನೆಯವರು ಬಲವಂತ ಮಾಡುವುದೂ ಉಂಟು.

ಅನುಮಾನವಿದ್ದರೆ ಎರಡು ವಾರ ಹಾಲು ಬಿಟ್ಟು ನೋಡಿ. ತೊಂದರೆ ನಿಂತು, ಮತ್ತೆ ಹಾಲು ಕುಡಿದಾಗ ಮರುಕಳಿಸಿದರೆ ಕಾರಣ ಬಹುತೇಕ ಇದೇ. ಹಾಗೆಂದು ಹಾಲನ್ನು ಪೂರ್ತಿ ತ್ಯಜಿಸಬೇಕಿಲ್ಲ. ಊಟದ ಜೊತೆ ಅರ್ಧ ಲೋಟ ಹಾಲು ಅನೇಕರಿಗೆ ಒಗ್ಗುತ್ತದೆ. ಮೊಸರು, ಮಜ್ಜಿಗೆ ಇನ್ನೂ ಒಳ್ಳೆಯದು. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಒಂದಿಷ್ಟು ಮೊದಲೇ ಒಡೆದಿರುತ್ತವೆ. ಸುಣ್ಣದ ಅಂಶಕ್ಕೆ ರಾಗಿ ಇದೆ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ.

ತಾಯಂದಿರಿಗೆ ಒಂದು ಮಾತು. ಜೋರು ಭೇದಿಯಾದಾಗ ಮಗುವಿನ ಕರುಳಿನ ಒಳಪದರ ಹಾಳಾಗಿ ಈ ಕಿಣ್ವ ತಾತ್ಕಾಲಿಕವಾಗಿ ಕಡಿಮೆಯಾಗಬಹುದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಈ ಕಾರಣಕ್ಕಾಗಿ ಎದೆಹಾಲನ್ನು ಎಂದಿಗೂ ನಿಲ್ಲಿಸಬೇಡಿ.

ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ರೆಯಿಂದ ಎಬ್ಬಿಸುವ ಭೇದಿ ಅಥವಾ ಜ್ವರವಿದ್ದರೆ ಹಾಲನ್ನು ದೂರುತ್ತ ಕೂರದೆ ವೈದ್ಯರಿಗೆ ತೋರಿಸಿ.