ಜಾಲದ ಜೀರ್ಣೋದ್ಧಾರ

ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿರುವ ಗಣಕಯಂತ್ರಗಳ ಜಾಲವು ಬಹುಧಾ ಯೋಜನೆಯಿಂದ ಹುಟ್ಟಿದುದಲ್ಲ. ಹೊಸ ಕೊಠಡಿಯಾದಾಗ ಒಂದು ತಂತಿ, ಹೊಸ ಪ್ರಾಧ್ಯಾಪಕರು ಬಂದಾಗ ಒಂದು ಸ್ವಿಚ್ಚು, ಹೀಗೆ ಅದು ತಾನಾಗಿ ಹಬ್ಬುತ್ತದೆ. ಅದು ಕುಂಟತೊಡಗಿದರೆ ತೇಪೆ ಹಾಕಿ ಸಮಾಧಾನಪಡುವುದೇ ರೂಢಿ. ಈ ರೂಢಿಯ ಪರಿಣಾಮವನ್ನು ಅಮೆರಿಕೆಯ ಬಾಸ್ಟನ್ ನಗರದ ಒಂದು ಪ್ರಸಂಗವು ಜಗತ್ತಿಗೆ ತೋರಿಸಿಕೊಟ್ಟಿದೆ.

ಅಲ್ಲಿಯ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯು ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯಶಿಕ್ಷಣಕ್ಕೆ ಆಶ್ರಯವಾದ ಸಂಸ್ಥೆ. 2002ನೆಯ ನವೆಂಬರ್ 13ರಂದು ಅದರ ಜಾಲವು ಕುಸಿಯಿತು. ಸಂಶೋಧಕರೊಬ್ಬರ ತಂತ್ರಾಂಶವು ಅಪಾರ ಮಾಹಿತಿಯನ್ನು ಒಮ್ಮೆಲೇ ಹರಿಯಬಿಟ್ಟುದು ಅದಕ್ಕೆ ನೆವವಾಯಿತು. ಸುಮಾರು ನಾಲ್ಕು ದಿನ ವೈದ್ಯರೂ ದಾದಿಯರೂ ಕಾಗದ ಲೇಖನಿಗಳಿಗೆ ಮರಳಬೇಕಾಯಿತು.

ಆದರೆ ನೆವ ಬೇರೆ, ಮೂಲಕಾರಣ ಬೇರೆ. ಸ್ವಿಚ್ಚುಗಳ ನಡುವೆ ಸುತ್ತುದಾರಿ ಏರ್ಪಟ್ಟರೆ ಸಂದೇಶಗಳು ಗಾಣದೆತ್ತಿನಂತೆ ಸುತ್ತುತ್ತ ಜಾಲವನ್ನೇ ತುಂಬಿಬಿಡುತ್ತವೆ. ಇದನ್ನು ತಡೆಯಲು ರೇಡಿಯಾ ಪರ್ಲ್‌ಮನ್ ಎಂಬ ವಿದುಷಿಯು 1985ರಲ್ಲಿ ‘ಸ್ಪ್ಯಾನಿಂಗ್ ಟ್ರೀ’ ಎಂಬ ವಿಧಾನವನ್ನು ರಚಿಸಿದರು. ಅದು ಹೆಚ್ಚಿನ ದಾರಿಗಳನ್ನು ಮುಚ್ಚಿಟ್ಟು, ಅವಶ್ಯಬಿದ್ದಾಗ ಮಾತ್ರ ತೆರೆಯುತ್ತದೆ. ಆದರೆ ಜಾಲದ ಒಂದು ತುದಿಯಿಂದ ಇನ್ನೊಂದಕ್ಕೆ 7 ಸ್ವಿಚ್ಚುಗಳನ್ನು ಮೀರಬಾರದೆಂಬುದು ಅದರ ಸಾಮಾನ್ಯ ಮಿತಿ. ಬಾಸ್ಟನ್ನಿನ ಜಾಲವು ಯಾರ ಗಮನಕ್ಕೂ ಬಾರದೆ ಆ ಮಿತಿಯನ್ನು ದಾಟಿ ಬೆಳೆದಿತ್ತು.

ಸಿಸ್ಕೋ ಸಂಸ್ಥೆಯ ತಜ್ಞರು ಧಾವಿಸಿ ಬಂದರು. ಒಂದೇ ಬಯಲಿನಂತಿದ್ದ ಜಾಲವನ್ನು ಭಾಗಗಳಾಗಿ ಒಡೆದು, ಒಂದರ ಕೇಡು ಮತ್ತೊಂದಕ್ಕೆ ಹರಡದಂತೆ ನಡುವೆ ರೌಟರುಗಳನ್ನು ಇರಿಸಲಾಯಿತು. ಇದಕ್ಕಿಂತಲೂ ಮೆಚ್ಚತಕ್ಕ ಸಂಗತಿಯೆಂದರೆ, ಗಣಕ ವ್ಯವಸ್ಥೆಯ ಮುಖ್ಯಾಧಿಕಾರಿ ಜಾನ್ ಹಲಾಮ್ಕಾ ಅವರು ಈ ಅಪಜಯವನ್ನು ಮುಚ್ಚಿಡದೆ, ಅನ್ಯರು ಪಾಠ ಕಲಿಯಲೆಂದು ಬಹಿರಂಗವಾಗಿ ವಿವರಿಸಿದುದು.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಫಲವೇನು? ಜಾಲವನ್ನು ತಿದ್ದಲು ಹೊರಟ ವಿಭಾಗವು ಮೊದಲು ಹಣದ ಚೀಲವನ್ನಲ್ಲ, ಜಾಲದ ನಕ್ಷೆಯನ್ನು ಬಿಚ್ಚತಕ್ಕದ್ದು. ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಯಾವ ಸ್ವಿಚ್ಚು ಯಾರ ಹೊಣೆಯಲ್ಲಿದೆ ಎಂಬುದನ್ನು ಬರೆದಿಡಬೇಕು. ನಕ್ಷೆಯಿಲ್ಲದಿದ್ದರೆ ಅದನ್ನು ರಚಿಸುವುದೇ ಪ್ರಥಮ ಕರ್ತವ್ಯ. ಹೊಸ ಯಂತ್ರಗಳನ್ನು ಕೊಳ್ಳುವುದು ಸುಲಭ. ಹಳೆಯ ಅವ್ಯವಸ್ಥೆಯನ್ನು ಒಪ್ಪಿಕೊಳ್ಳುವುದು ಕಠಿನ. ಜೀರ್ಣೋದ್ಧಾರವು ಆ ಕಠಿನವಾದ ಹೆಜ್ಜೆಯಿಂದಲೇ ಆರಂಭವಾಗಬೇಕು.