ದುಬೈಗೆ ಭಾನುವಾರ ಬಂದ ಬಗೆ

2022ರ ಜನವರಿ 1ರಂದು ಎರಡು ಸಂಗತಿಗಳು ಒಟ್ಟಿಗೆ ಜಾರಿಗೆ ಬಂದವು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿ ಅಂದಿನಿಂದ ಬಳಕೆಗೆ ಬಂತು. ಬರ್ನ್‌ಔಟ್ ಎಂದರೇನು ಎಂಬುದನ್ನು ಅದು ಬಿಡಿಸಿ ಹೇಳಿತ್ತು. ಅದೇ ದಿನ ಸಂಯುಕ್ತ ಅರಬ್ ಸಂಸ್ಥಾನದ ಸರ್ಕಾರಿ ಕಚೇರಿಗಳ ವಾರದ ರಜೆ ಶುಕ್ರವಾರ–ಶನಿವಾರದಿಂದ ಶನಿವಾರ–ಭಾನುವಾರಕ್ಕೆ ಸರಿಯಿತು. ಇವೆರಡೂ ಒಂದೇ ದಿನ ಬಂದದ್ದು ಕಾಕತಾಳೀಯ. ಆದರೂ ದುಬೈ, ಅಬುಧಾಬಿಗಳಲ್ಲಿ ದುಡಿಯುವ ಕನ್ನಡಿಗರ ದಣಿವನ್ನು ಅರಿಯಲು ಎರಡನ್ನೂ ಜೊತೆಗಿಟ್ಟು ನೋಡಬೇಕು.

ಬರ್ನ್‌ಔಟ್ ಬಗ್ಗೆ ಮೊದಲು ಶಾಸ್ತ್ರೀಯವಾಗಿ ಬರೆದವರಲ್ಲಿ ಪ್ರಮುಖರು ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ನ್ಯೂಯಾರ್ಕ್‌ನ ಉಚಿತ ಚಿಕಿತ್ಸಾಲಯವೊಂದರಲ್ಲಿ ಹುಮ್ಮಸ್ಸಿನಿಂದ ಸೇವೆಗೆ ಬಂದವರು ಬರಬರುತ್ತಾ ಸೊರಗಿ, ಸಿಡುಕುವುದನ್ನು ಕಂಡು 1974ರಲ್ಲಿ ಲೇಖನ ಬರೆದರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲಕ್ಷಣಗಳು ಮೂರು: ಶಕ್ತಿಯೆಲ್ಲ ಬಸಿದುಹೋದ ಆಯಾಸ, ಕೆಲಸದ ಮೇಲೆ ಜಿಗುಪ್ಸೆ, ಕೈಲಾಗುತ್ತಿಲ್ಲ ಎಂಬ ಭಾವ. ಸಂಸ್ಥೆ ಇದನ್ನು ಕಾಯಿಲೆ ಎಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಅಂದರೆ ತಪ್ಪನ್ನು ಹುಡುಕಬೇಕಾದದ್ದು ದುಡಿಯುವವನ ಮನೋಬಲದಲ್ಲಲ್ಲ, ದುಡಿಮೆಯ ಏರ್ಪಾಟಿನಲ್ಲಿ.

ಕೊಲ್ಲಿಯಲ್ಲಿ ಆ ಏರ್ಪಾಟು ಒಂದೇ ಸಲ ಬದಲಾಗಲಿಲ್ಲ. ಸಂಯುಕ್ತ ಅರಬ್ ಸಂಸ್ಥಾನದ 1980ರ ಕಾರ್ಮಿಕ ಕಾನೂನಿನಲ್ಲಿ ವಾರದ ರಜೆಯೆಂದರೆ ಶುಕ್ರವಾರ ಒಂದೇ. ಸರ್ಕಾರಿ ಕಚೇರಿಗಳಿಗೆ 1999ರಲ್ಲಿ ಗುರುವಾರವೂ ಸೇರಿತು. ಲೋಕದ ವ್ಯಾಪಾರ ನಡೆಯುವ ಗುರುವಾರ ಇಲ್ಲಿನ ಬಾಗಿಲು ಮುಚ್ಚಿರುವುದು ನಷ್ಟದ ಬಾಬತ್ತು. ಹಾಗಾಗಿ 2006ರ ಸೆಪ್ಟೆಂಬರ್‌ನಲ್ಲಿ ರಜೆ ಶುಕ್ರವಾರ–ಶನಿವಾರವಾಯಿತು. ಖಾಸಗಿ ಕಂಪನಿಗಳಲ್ಲಿ ಬಹಳಷ್ಟು ಮಂದಿಗೆ ಆಗಲೂ ಸಿಕ್ಕಿದ್ದು ಶುಕ್ರವಾರ ಮಾತ್ರ.

ಇದರ ನಡುವೆ ಬಂದ ಇನ್ನೊಂದು ನಿಯಮದ ಬಗ್ಗೆ ಮಾತು ಕಡಿಮೆ, ಆದರೆ ಅದು ಹೆಚ್ಚು ಜೀವ ಉಳಿಸುವಂಥದ್ದು. 2005ರಿಂದ ಬೇಸಿಗೆಯಲ್ಲಿ ನಡುಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಈಗಿನ ಲೆಕ್ಕದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಡುವು. ಮುರಿದರೆ ಒಬ್ಬ ಕಾರ್ಮಿಕನಿಗೆ 5,000 ದಿರ್ಹಮ್‌ನಂತೆ, 50,000 ದಿರ್ಹಮ್‌ವರೆಗೆ ದಂಡ. ಹನ್ನೆರಡೂವರೆಗೆ ಸೈಟ್‌ನ ಸದ್ದು ಅಡಗುತ್ತದೆ. ಹೆಲ್ಮೆಟ್ ತಲೆಯ ಕೆಳಗಿಟ್ಟು ನೆರಳಲ್ಲಿ ಸಾಲಾಗಿ ಮಲಗುತ್ತಾರೆ. ‘ನಿನಗೆ ಸಾಕಾಗಿದೆಯೇ’ ಎಂದು ಮೇಸ್ತ್ರಿ ಕೇಳಬೇಕಾಗಿಲ್ಲ, ‘ಸಾಕಾಗಿದೆ’ ಎಂದು ಕಾರ್ಮಿಕ ಬಾಯಿಬಿಡಬೇಕಾಗಿಲ್ಲ. ಹಾಗೆ ಕೇಳಿ ಪಡೆಯುವ ಬಿಡುವಾಗಿದ್ದರೆ ಎಷ್ಟು ಮಂದಿ ಕೇಳುತ್ತಿದ್ದರು?

2021ರ ಡಿಸೆಂಬರ್ 7ರಂದು ನಾಲ್ಕೂವರೆ ದಿನದ ವಾರ ಘೋಷಣೆಯಾಯಿತು. ಶುಕ್ರವಾರ ಹನ್ನೆರಡಕ್ಕೆ ಕೆಲಸ ಮುಗಿದು, ಮಧ್ಯಾಹ್ನದ ನಮಾಜಿನ ನಂತರ ರಜೆಯ ಗಾಳಿ. ಕರಾವಳಿಯಿಂದ ಬಂದವರಿಗೆ ಇದರ ದೊಡ್ಡ ಲಾಭ ಬೇರೆಯೇ. ಮೊದಲು ಉಡುಪಿಯಲ್ಲೋ ಭಟ್ಕಳದಲ್ಲೋ ಮನೆಮಂದಿ ಭಾನುವಾರ ಬಿಡುವಾಗಿ ಕುಳಿತರೆ ದುಬೈಯಲ್ಲಿ ವಾರದ ಮೊದಲ ದಿನದ ಗಡಿಬಿಡಿ. ಇಲ್ಲಿ ಶುಕ್ರವಾರ ಬಿಡುವಾದರೆ ಅಲ್ಲಿ ಶಾಲೆ, ಆಫೀಸು. ಅಬುಧಾಬಿ, ಶಾರ್ಜಾ ಕರ್ನಾಟಕ ಸಂಘಗಳ ಕಾರ್ಯಕ್ರಮಗಳು, ಯಕ್ಷಗಾನದ ಅಭ್ಯಾಸ ಎಲ್ಲವೂ ವರ್ಷಗಳ ಕಾಲ ಶುಕ್ರವಾರವನ್ನೇ ನೆಚ್ಚಿದ್ದವು. ಈಗ ಎರಡು ಊರುಗಳ ಭಾನುವಾರ ಒಂದಾಗಿದೆ.

ಆದರೆ ವಾರದ ರಜೆ ಎಲ್ಲರಿಗೂ ಒಂದೇ ಆಗಿಲ್ಲ. ಶಾರ್ಜಾ ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ ರಜೆ ಕೊಟ್ಟಿತು, ಅಲ್ಲಿನ ಶಾಲೆಗಳೂ ನಾಲ್ಕು ದಿನಕ್ಕಿಳಿದವು. ಬಾಡಿಗೆ ಕಡಿಮೆಯೆಂದು ಶಾರ್ಜಾದಲ್ಲಿ ಮನೆ ಮಾಡಿ ದುಬೈಯಲ್ಲಿ ದುಡಿಯುವ ಕುಟುಂಬವನ್ನೇ ನೋಡಿ: ಶುಕ್ರವಾರ ಮಗು ಮನೆಯಲ್ಲಿ, ಅಪ್ಪ ಅಮ್ಮ ಡ್ಯೂಟಿಯಲ್ಲಿ. ಸಂಜೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ಕಾರು ಇಂಚಿಂಚು ಸರಿಯುವಾಗಲೇ ಊರಿಗೆ ಫೋನ್. ಇಲ್ಲಿ ಏಳು, ಅಲ್ಲಿ ಎಂಟೂವರೆ. ‘ಊಟ ಆಯ್ತಾ ಮಗಾ’ ಎಂದು ಅಮ್ಮ ಕೇಳಿದರೆ ‘ಆಯ್ತಮ್ಮಾ’ ಎನ್ನುವ ಸುಳ್ಳು. ಮನೆ ಮುಟ್ಟಿದ ಹೆಣ್ಣಿಗೆ ಅಡುಗೆಮನೆಯ ಎರಡನೇ ಪಾಳಿ. ಅದಕ್ಕೆ ಓಟಿಯೂ ಇಲ್ಲ, ವಾರದ ರಜೆಯೂ ಇಲ್ಲ.

2022ರ ಫೆಬ್ರವರಿಯಲ್ಲಿ ಜಾರಿಯಾದ ಹೊಸ ಕಾರ್ಮಿಕ ಕಾನೂನು ದಿನಕ್ಕೆ 8, ವಾರಕ್ಕೆ 48 ಗಂಟೆ ಎನ್ನುತ್ತದೆ. ಸತತ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಾರಕ್ಕೆ ಒಂದು ದಿನವಾದರೂ ರಜೆ ಕೊಡಲೇಬೇಕು. ಹೋಟೆಲ್, ಅಂಗಡಿ, ಆಸ್ಪತ್ರೆಗಳಲ್ಲಿ ದುಡಿಯುವ ಎಷ್ಟೋ ಮಂದಿಗೆ ಆ ಒಂದು ದಿನವೇ ಗತಿ. ಆ ದಿನವೂ ಮೊಬೈಲ್‌ನಲ್ಲಿ ಆಫೀಸಿನ ಗ್ರೂಪ್ ಸುಮ್ಮನಿರುವುದಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಎಚ್ಚರಿಸಿದ್ದವು.

ಗೊತ್ತಿದ್ದೂ ಯಾರೂ ಬಾಯಿಬಿಡುವುದಿಲ್ಲ. ಕೆಲಸಕ್ಕೆ ವೀಸಾ ಅಂಟಿಕೊಂಡಿದೆ, ವೀಸಾಕ್ಕೆ ಮನೆ, ಮಕ್ಕಳ ಶಾಲೆ, ಊರಿನ ಸಾಲದ ಕಂತು. ‘ಆಗ್ತಿಲ್ಲ ಮಾರಾಯ’ ಎಂದರೆ ಎಲ್ಲವೂ ಅಲ್ಲಾಡೀತು ಎಂಬ ಅಂಜಿಕೆ. ಮಾನಸಿಕ ಆರೋಗ್ಯದ ಕುರಿತು 2023ರಲ್ಲಿ ಬಂದ ಒಕ್ಕೂಟ ಕಾನೂನು ಈ ಅಂಜಿಕೆಗೆ ಒಂದಿಷ್ಟು ಉತ್ತರ ಕೊಟ್ಟಿದೆ: ಮಾನಸಿಕ ತೊಂದರೆಯ ನೆಪ ಒಡ್ಡಿ, ತಜ್ಞರ ವರದಿಯಿಲ್ಲದೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ.

ಇನ್ನು ವಾರ್ಷಿಕ ರಜೆ. ವರ್ಷ ತುಂಬಿದವರಿಗೆ 30 ದಿನ. ಬಾಕಿ ಉಳಿದ ರಜೆಯನ್ನು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಮಾಲೀಕ ತಡೆಹಿಡಿಯುವಂತಿಲ್ಲ. ಆದರೆ ಊರಿಗೆ ಹೋದವರ ರಜೆ ಹೇಗೆ ಕಳೆಯುತ್ತದೆ? ತಂಗಿಯ ಮದುವೆ, ಮನೆಯ ತಾರಸಿ, ಬ್ಯಾಂಕಿನ ಕೆವೈಸಿ, ಜಾಗದ ಪಹಣಿ, ಕುಟುಂಬದ ನಾಗತಂಬಿಲ, ಕಂಡವರ ಮನೆಗೆಲ್ಲ ಖರ್ಜೂರ, ಸೆಂಟು ಹಂಚುವ ಓಡಾಟ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಮರಳಿ ಹತ್ತುವವರು ಇಳಿದಾಗ ಇದ್ದದ್ದಕ್ಕಿಂತ ಹೆಚ್ಚು ಬಳಲಿರುತ್ತಾರೆ.

ಸರ್ಕಾರ ಈ ದಾರಿಯಲ್ಲಿ ಇನ್ನೂ ಹೆಜ್ಜೆ ಇಡುತ್ತಿದೆ. 2024ರ ಬೇಸಿಗೆಯಲ್ಲಿ ದುಬೈ 15 ಸರ್ಕಾರಿ ಇಲಾಖೆಗಳಲ್ಲಿ ಶುಕ್ರವಾರದ ಕೆಲಸ ನಿಲ್ಲಿಸಿ, ದಿನಕ್ಕೆ ಏಳು ಗಂಟೆ ಪ್ರಯೋಗ ಮಾಡಿತು, ಮರುವರ್ಷ ವಿಸ್ತರಿಸಿತು. ಖಾಸಗಿ ಕಂಪನಿಗಳು, ಅವುಗಳಲ್ಲಿ ಮೇಲಿನ ಕುರ್ಚಿಯಲ್ಲಿರುವ ಕನ್ನಡಿಗರೂ, ಇದರಿಂದ ಕಲಿಯಬೇಕು. ರಜೆಯ ದಿನ ಕೈಕೆಳಗಿನವರಿಗೆ ಮೆಸೇಜ್ ಹಾಕದಿರಲು ಯಾವ ಕಾನೂನೂ ಬೇಕಿಲ್ಲ.

ದಣಿದವರು ಮೊದಲು ಮಾಡಬೇಕಾದದ್ದು ನಿಯಮ ಕೊಟ್ಟ ಬಿಡುವನ್ನು ಪೂರ್ತಿ ಬಳಸುವುದು. ರಜೆಯನ್ನು ಹಣಕ್ಕೆ ಮಾರಬೇಡಿ. ಊರಿನ ರಜೆಯಲ್ಲಿ ಮೊದಲ ನಾಲ್ಕು ದಿನ ಯಾರಿಗೂ ಕೊಡಬೇಡಿ. ವಾರಗಟ್ಟಲೆ ನಿದ್ದೆ ಬಾರದೆ, ಬೆಳಿಗ್ಗೆ ಕೆಲಸದ ನೆನಪಿಗೇ ಎದೆ ಹೊಡೆದುಕೊಂಡರೆ ವೈದ್ಯರನ್ನು ಕಾಣಿ. ಯಾರಲ್ಲಿ ಹೇಳಿಕೊಳ್ಳುವುದೆಂದು ತೋಚದಿದ್ದರೆ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 800 46342ರಲ್ಲಿ ಕರೆ ಮಾಡಬಹುದು. ಆ ಕರೆಗೆ ದುಡ್ಡಿಲ್ಲ.