ಬಿಡಾರ ಹೂಡಿದವರು

ಮನುಷ್ಯನ ವಾಸಸ್ಥಾನವನ್ನು ಹೇಳುವ ಮಾತುಗಳು ಕನ್ನಡದಲ್ಲಿ ಅನೇಕ. ಮನೆ, ಬೀಡು, ಬಿಡದಿ, ಬಿಡಾರ, ಗುಡಿಸಲು—ಒಂದೊಂದಕ್ಕೂ ತನ್ನದೇ ಆದ ಛಾಯೆಯುಂಟು. ಇವುಗಳಲ್ಲಿ ‘ಬಿಡಾರ’ವು ‘ಬಿಡು’ ಎಂಬ ಧಾತುವಿನ ಕುಲಕ್ಕೆ ಸೇರಿದ್ದು. ದಾರಿ ನಡೆದು ದಣಿದವನು ಎತ್ತುಗಳ ಕೊರಳು ಬಿಚ್ಚಿ ತಂಗುವ ಎಡೆ ಅದು. ಬೆಳಗಾದರೆ ಬಿಟ್ಟು ಹೊರಡಬೇಕಾದ ಎಡೆಯೂ ಅದೇ. ಮನೆಯನ್ನು ಕಟ್ಟುತ್ತೇವೆ; ಬಿಡಾರವನ್ನು ಹೂಡುತ್ತೇವೆ. ಕಟ್ಟಿದವನಿಗೆ ನೆಲದ ಮೇಲೆ ಹಕ್ಕುಂಟು. ಹೂಡಿದವನಿಗೆ ಋಣವಷ್ಟೇ ಉಂಟು.

ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಮಂಗಳೂರಿಗೆ ಬಂದು ಹೀಗೆ ಬಿಡಾರ ಹೂಡಿದ ಕೆಲವು ಸಂಸಾರಗಳ ಮಾತನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಬಾಸೆಲ್ ಮಿಷನ್ನಿನ ಪಾದ್ರಿಗಳ ಹೆಸರು ಕನ್ನಡ ವಿದ್ಯಾರ್ಥಿಗಳಿಗೆ ಹೊಸದಲ್ಲ. ‘ಕನ್ನಡಕ್ಕೆ ಮಿಷನರಿಗಳ ಸೇವೆ’ ಎಂಬ ಪ್ರಶ್ನೆಗೆ ಮೊಗ್ಲಿಂಗ್, ವೈಗ್ಲೆ, ಕಿಟೆಲ್ ಎಂದು ಹೆಸರುಗಳನ್ನೂ, ಅವುಗಳ ಮುಂದೆ ಇಸವಿಗಳನ್ನೂ ಬರೆದರೆ ಉತ್ತರ ಮುಗಿಯಿತು. ಆದರೆ ಈ ಹೆಸರುಗಳ ಹಿಂದೆ ಸಂಸಾರಗಳಿದ್ದವು, ಮಡದಿಯರಿದ್ದರು, ಮಕ್ಕಳಿದ್ದರು ಎಂಬುದು ಆ ಉತ್ತರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ತರಗತಿಯಲ್ಲಿ ಈ ಪಾಠವನ್ನು ಹೇಳುವಾಗಲೆಲ್ಲ ನನಗೆ ಆ ಕೊರತೆ ತೋರುತ್ತದೆ.

ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದರು. ಹರ್ಮನ್ ಮೊಗ್ಲಿಂಗ್ ಬಂದದ್ದು 1836ರಲ್ಲಿ. ಆಗಿನ್ನೂ ಸುಯೆಜ್ ಕಾಲುವೆ ಇರಲಿಲ್ಲ. ಆಫ್ರಿಕದ ತುದಿಯನ್ನು ಬಳಸಿ ಬರುವ ಹಡಗಿನ ಪ್ರಯಾಣಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 1838ರ ಕೊನೆಗೆ ಇದೇ ಊರಿಗೆ ಹೊಸದಾಗಿ ಮದುವೆಯಾದ ದಂಪತಿಗಳೊಬ್ಬರು ಬಂದರು. ಗಂಡ 24 ವರ್ಷದ ಹರ್ಮನ್ ಗುಂಡರ್ಟ್. ಹೆಂಡತಿ ಫ್ರೆಂಚ್ ಮಾತಿನ ಸ್ವಿಟ್ಜರ್ಲೆಂಡಿನವಳಾದ ಜೂಲಿ ದುಬುವಾ. ಅವರ ಮದುವೆ ಚಿತ್ತೂರಿನಲ್ಲಿ ನಡೆದು ಇನ್ನೂ ವರ್ಷ ತುಂಬಿರಲಿಲ್ಲ. ಮಂಗಳೂರಿನಲ್ಲಿ ಅವರ ವಾಸ ಕೆಲವೇ ತಿಂಗಳು. 1839ರಲ್ಲಿ ತಲಚೇರಿಯ ಬಳಿಯ ಇಲ್ಲಿಕುನ್ನಿನ ಬಂಗಲೆಗೆ ಬಿಡಾರವನ್ನು ಬದಲಿಸಿದರು. ಅಲ್ಲಿ ಜೂಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದಳು. ಗುಂಡರ್ಟ್ ಮಲಯಾಳದ ಮಹಾಪಂಡಿತನಾದನು. ಅವನ ಮಲಯಾಳ ನಿಘಂಟು 1872ರಲ್ಲಿ ಅಚ್ಚಾಗಿ ಹೊರಬಂದಿತು.

ಈ ಸಂಸಾರಗಳು ಕೂಡಿಬರುತ್ತಿದ್ದ ಬಗೆಯನ್ನು ಕೇಳಿದರೆ ನಮ್ಮ ಹಳೆಯ ಕಾಲದ ಹಿರಿಯರಿಗೂ ಆಶ್ಚರ್ಯವಾದೀತು. ಮಿಷನ್ನಿನ ತರುಣನು ಸಾಮಾನ್ಯವಾಗಿ ಬ್ರಹ್ಮಚಾರಿಯಾಗಿಯೇ ಹೊರಡಬೇಕು. ಕೆಲವು ವರ್ಷ ದುಡಿದು, ಭಾಷೆ ಕಲಿತು, ಯೋಗ್ಯನೆನಿಸಿಕೊಂಡ ಮೇಲೆ ಮದುವೆಗೆ ಅನುಮತಿ ಬೇಡಿ ಬಾಸೆಲಿನ ಸಮಿತಿಗೆ ಕಾಗದ ಬರೆಯಬೇಕು. ಸಮಿತಿಯು ಒಪ್ಪಿದರೆ, ಅದಕ್ಕೆ ಸಮ್ಮತವಾದ ಕನ್ಯೆಯು ಹಡಗನ್ನೇರಿ ಬರುವಳು. ಎಷ್ಟೋ ವಧುಗಳು ತಮ್ಮ ವರನ ಮುಖವನ್ನು ಮೊದಲು ಕಂಡದ್ದು ಹಡಗಿನಿಂದಿಳಿದ ಮೇಲೆಯೇ. ತಂದೆತಾಯಿಗಳು ನೋಡಿ ಒಪ್ಪಿದ ಮದುವೆಯನ್ನು ನಾವು ಬಲ್ಲೆವು. ಸಮಿತಿಯೊಂದು ಕುಳಿತು ಒಪ್ಪಿದ ಮದುವೆ ಇದು! ಆ ಹುಡುಗಿಗೆ ತವರುಮನೆಯು ಸಾಗರದ ಆಚೆಗಾಯಿತು. ತೌಳವ ದೇಶದ ಮಳೆ, ತುಳು, ಕೊಂಕಣಿ, ಕನ್ನಡಗಳೆಂಬ ಮೂರು ನುಡಿ, ಗುರುತಿಲ್ಲದ ಗಂಡ, ಇವೆಲ್ಲವೂ ಏಕಕಾಲಕ್ಕೆ ಅವಳ ಪಾಲಿಗೆ ಬಂದವು.

ಮಕ್ಕಳ ವಿಷಯ ಇನ್ನೂ ಕಠಿನ. ಮಗುವು ಶಾಲೆಗೆ ಹೋಗುವ ವಯಸ್ಸು ತಲಪುತ್ತಲೇ ಅದನ್ನು ಯೂರೋಪಿಗೆ ಕಳುಹಿಸುವ ಪದ್ಧತಿಯಿತ್ತು. ಬಾಸೆಲಿನಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಮಂದಿರವಿತ್ತು. ಬಿಸಿಲು, ಜ್ವರಗಳ ಭಯ ಒಂದು ಕಾರಣ. ಮಕ್ಕಳು ಸ್ವದೇಶದ ಶಿಕ್ಷಣದಲ್ಲಿಯೇ ಬೆಳೆಯಬೇಕೆಂಬ ನಿರ್ಧಾರ ಇನ್ನೊಂದು. ಹೋದ ಮಗುವನ್ನು ತಾಯಿ ಮತ್ತೆ ಕಾಣುವುದು ಹತ್ತು ಹನ್ನೆರಡು ವರ್ಷಗಳ ಮೇಲೆ, ಇಲ್ಲವೆ ಎಂದೂ ಇಲ್ಲ. ಗುಂಡರ್ಟರ ಮಗಳು ಮೇರಿ 1842ರಲ್ಲಿ ಕೇರಳದಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲಿಯೇ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿಗಳು ಭಾರತಕ್ಕೆ ಮರಳಿದರು. ಅವಳು ಮತ್ತೆ ಈ ನೆಲಕ್ಕೆ ಬಂದದ್ದು 1857ರಲ್ಲಿ. ಮುಂದೆ ಮೊದಲ ಗಂಡನು ತೀರಿಕೊಂಡ ಮೇಲೆ, ಮಂಗಳೂರಿನಲ್ಲಿ ಮಿಷನ್ನಿನ ಕೆಲಸ ಮಾಡಿ ಅನಾರೋಗ್ಯದಿಂದ 1873ರಲ್ಲಿ ಹಿಂದಿರುಗಿದ್ದ ಯೋಹಾನೆಸ್ ಹೆಸ್ಸೆಯನ್ನು ಮದುವೆಯಾದಳು. ಅವರ ಮಗನೇ ಜಗತ್ತು ಬಲ್ಲ ಕಾದಂಬರಿಕಾರ ಹರ್ಮನ್ ಹೆಸ್ಸೆ. ‘ಸಿದ್ಧಾರ್ಥ’ವನ್ನು ಬರೆದವನ ಮನೆಯೊಳಗೆ ಭಾರತವು ಹೇಗೆ ಹೊಕ್ಕಿತೆಂಬುದನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ಮೃತ್ಯುವೂ ಈ ಬಿಡಾರಗಳ ನೆರೆಮನೆಯಲ್ಲಿಯೇ ಇತ್ತು. ಬೈಬಲಿನ ಕನ್ನಡ ಅನುವಾದವನ್ನು ತಿದ್ದುವ ಕೆಲಸದಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡನು. ಅವನ ವಿಧವೆ ಪಾಲೀನಳ ಕೈಯನ್ನು ಮುಂದೆ ಹಿಡಿದವನು ಅವನ ಬಂಧುವೇ ಆದ ಮೊಗ್ಲಿಂಗ್. ಮೊಗ್ಲಿಂಗನು ಕೊನೆಗೆ 1860ರಲ್ಲಿ ಭಾರತವನ್ನು ಬಿಟ್ಟದ್ದೂ ಅವಳ ಕಾಯಿಲೆಯಿಂದಲೇ. ಅದೇ 1860ರಲ್ಲಿ ಕಿಟೆಲರ ಮದುವೆ. ಅವರ ಪತ್ನಿಯ ಹೆಸರೂ ಪಾಲೀನ. 1864ರಲ್ಲಿ ಆಕೆ ಕಣ್ಮುಚ್ಚಿದಳು. 1867ರಲ್ಲಿ ಅವಳ ತಂಗಿ ಜೂಲಿ ಅಕ್ಕನ ಸ್ಥಾನವನ್ನು ತುಂಬಿದಳು.

ಹೀಗೆ ಹೊರಡುವುದಕ್ಕಾಗಿಯೇ ಬಂದವರು ಈ ನುಡಿಯಲ್ಲಿ ಇಷ್ಟು ಆಳಕ್ಕೆ ಇಳಿದದ್ದೇಕೆ? ಉತ್ತರದ ಒಂದು ಭಾಗ ಅವರ ಧರ್ಮದಲ್ಲಿಯೇ ಇದೆ. ದೇವರ ವಾಕ್ಯವನ್ನು ಪ್ರತಿಯೊಬ್ಬನೂ ತನ್ನ ತಾಯ್ನುಡಿಯಲ್ಲಿ ಓದಬೇಕೆಂಬುದು ಅವರ ನಂಬಿಕೆ. ಆದುದರಿಂದ ನುಡಿಯನ್ನು ಕಲಿಯುವುದು ಅವರಿಗೆ ಕೆಲಸದ ಸಿದ್ಧತೆಯಲ್ಲ, ಕೆಲಸವೇ ಆಗಿತ್ತು. ಆದರೆ ನುಡಿಗೆ ತನ್ನದೇ ಆದ ಸೆಳೆತವುಂಟು. ಒಳಹೊಕ್ಕವನನ್ನು ಅದು ಅವನು ಬಯಸಿದ ಕಡೆಗೆ ಮಾತ್ರ ಒಯ್ಯುವುದಿಲ್ಲ. ಮತಪ್ರಚಾರಕ್ಕೆ ಬಂದ ಮೊಗ್ಲಿಂಗನು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದನು. ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದನು. ಕಿಟೆಲರು 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. 1892ರಲ್ಲಿ ಕೊನೆಯ ಬಾರಿ ಈ ನಾಡನ್ನು ಬಿಟ್ಟರು. 1894ರಲ್ಲಿ ಸುಮಾರು 70,000 ಶಬ್ದಗಳ ಅವರ ನಿಘಂಟು ಮಂಗಳೂರಿನಲ್ಲಿಯೇ ಅಚ್ಚಾಯಿತು. ಬಿಡಾರದವನು ಹೊರಟುಹೋದನು, ಅವನು ಸೇರಿಸಿಟ್ಟ ಕಣಜವು ಉಳಿಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಲೆಕ್ಕವು ಒಂದೇ ಮಗ್ಗುಲಾದೀತು. ಈ ಬಿಡಾರಗಳು ನಮ್ಮವರ ಮನೆಗಳನ್ನೂ ಅಲುಗಿಸಿದವೆಂಬುದನ್ನು ಮರೆಯಲಾಗದು. 1844ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯನು ಮೊಗ್ಲಿಂಗನೊಡನೆ ಬಾಸೆಲಿಗೆ ಹೋಗಿ, 1851ರಲ್ಲಿ ದೀಕ್ಷೆ ಪಡೆದು, ಪಾದ್ರಿಯಾಗಿ ಮರಳಿದನು. ಅವನಂಥವರಿಗೆ ಜಾತಿ ತಪ್ಪಿತು. ಹುಟ್ಟಿದೂರಿನಲ್ಲಿಯೇ ಅವರು ಪರದೇಶಿಗಳಾದರು. ಹೀಗೆ ಕುಲವೃತ್ತಿಯನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ಹೊಟ್ಟೆಯ ದಾರಿ ತೋರಿಸಲೆಂದೇ ಮಿಷನ್ನು ನೇಯ್ಗೆಯನ್ನೂ, 1865ರಿಂದ ಹೆಂಚಿನ ಕಾರ್ಖಾನೆಯನ್ನೂ ನಡೆಸಿತು. ಕರಾವಳಿಯ ಮನೆಗಳ ಮೇಲೆ ಇಂದಿಗೂ ಕಾಣುವ ಕೆಂಪು ಹೆಂಚಿನ ಕಥೆಯಲ್ಲಿ ಮನೆ ಕಳೆದುಕೊಂಡವರ ಕಥೆಯೂ ಸೇರಿದೆ. ಬಂದವರು ತಮ್ಮ ಮಕ್ಕಳನ್ನು ದೂರ ಕಳುಹಿಸಿದರು. ಇಲ್ಲಿಯ ಕೆಲವು ತಂದೆತಾಯಿಗಳು ತಮ್ಮ ಮಕ್ಕಳು ಕಣ್ಣೆದುರಿನಲ್ಲಿಯೇ ದೂರವಾಗುವುದನ್ನು ಕಂಡರು. ಎರಡು ದುಃಖಗಳಲ್ಲಿ ಯಾವುದು ದೊಡ್ಡದೆಂದು ತೂಗುವ ತಕ್ಕಡಿ ನಮ್ಮಲ್ಲಿಲ್ಲ.

1914ರ ಮಹಾಯುದ್ಧವು ಈ ಬಿಡಾರಗಳನ್ನು ಕಿತ್ತಿತು. ಜರ್ಮನರು ಬ್ರಿಟಿಷರಿಗೆ ಶತ್ರುಗಳಾದರು. ಅವರ ಸಂಸಾರಗಳು ಈ ನೆಲವನ್ನು ಬಿಟ್ಟು ಹೋಗಬೇಕಾಯಿತು. ಉಳಿದದ್ದು ಸಭೆಗಳು, ಶಾಲೆಗಳು, ಪುಸ್ತಕಗಳು, ಗೋರಿಗಳು.

ಪುಸ್ತಕದ ಮುಖಪುಟದಲ್ಲಿ ಒಬ್ಬನ ಹೆಸರು ಮಾತ್ರ ಇರುತ್ತದೆ. ಪಾಲೀನಳೆಂಬ ಹೆಸರಿನ ಆ ಇಬ್ಬರ, ಜೂಲಿಯೆಂಬ ಹೆಸರಿನ ಆ ಇಬ್ಬರ ಪಾಲು ಅಲ್ಲಿ ಅಚ್ಚಾಗಿಲ್ಲ. ಅವರ ಸೇವೆಯನ್ನು ಹೊಗಳುವುದಕ್ಕಿಂತ, ಅವರ ಉದ್ದೇಶವನ್ನು ಹಳಿಯುವುದಕ್ಕಿಂತ ಮೊದಲು, ಅವರು ತೆತ್ತ ಬೆಲೆಯನ್ನೂ ನಮ್ಮವರು ತೆತ್ತ ಬೆಲೆಯನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಳ್ಳುವುದು ನ್ಯಾಯ. ಕಿಟೆಲರ ನಿಘಂಟಿನಲ್ಲಿ ಶಬ್ದವೊಂದನ್ನು ಹುಡುಕುವ ವಿದ್ಯಾರ್ಥಿಯು, ಇದು ಹಲವು ಮನೆಗಳು ಬರಿದಾಗಿ ತುಂಬಿದ ಪುಸ್ತಕವೆಂದು ತಿಳಿದಿದ್ದರೆ, ಅದರ ಹಾಳೆಯನ್ನು ಇನ್ನಷ್ಟು ಮೆಲ್ಲನೆ ಮಗುಚಿಯಾನು.